ಯಂತ್ರಕ್ಕೂ ಒಂದು ರಾತ್ರಿ ಬೇಕೇ?

ಕಳೆದ ವರ್ಷ ಒಂದು ಸೋಮವಾರ ಬೆಳಿಗ್ಗೆ ನಮ್ಮ ಪುಣೆ ಕಚೇರಿಯಲ್ಲಿ ಎಲ್ಲರೂ ಖುಷಿಯಾಗಿದ್ದರು. ಗ್ರಾಹಕರ ಪ್ರಶ್ನೆಗಳಿಗೆ ಆರು ಭಾಷೆಗಳಲ್ಲಿ ಉತ್ತರ ಕೊಡುವ ಚಾಟ್ ವ್ಯವಸ್ಥೆಯೊಂದನ್ನು ನಮ್ಮ ತಂಡ ನೋಡಿಕೊಳ್ಳುತ್ತದೆ. ಅದರ ಹಿಂದೆ ಕೆಲಸ ಮಾಡುವುದು ಮಧ್ಯಮ ಗಾತ್ರದ ಒಂದು ಭಾಷಾ ಮಾದರಿ. ಶುಕ್ರವಾರ ರಾತ್ರಿ ಅದಕ್ಕೆ ಹೊಸ ಯೋಜನೆಗಳ ವಿವರಗಳನ್ನೆಲ್ಲ ಕಲಿಸಿದ್ದೆವು. ವಿವರಗಳಿದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಪರೀಕ್ಷೆಯ ಸರಾಸರಿ ಅಂಕ ಮೇಲೇರಿತ್ತು. ತಂಡದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಚಹಾ ಕುಡಿಯುತ್ತಾ ಸುಮ್ಮನೆ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಟೈಪ್ ಮಾಡಿದೆ. ಉತ್ತರದ ಮೊದಲ ಸಾಲು ಕನ್ನಡದಲ್ಲಿತ್ತು. ಎರಡನೆಯದು ಕನ್ನಡ ಲಿಪಿಯಲ್ಲಿ ಬರೆದ ಹಿಂದಿ. ಮೂರನೆಯದು ಎರಡೂ ಅಲ್ಲ. ಹಿಂದಿನ ವಾರ ಅದೇ ಪ್ರಶ್ನೆಗೆ ಅದು ಅಚ್ಚುಕಟ್ಟಾಗಿ ಉತ್ತರಿಸಿತ್ತು.

ಕನ್ನಡವನ್ನು ಯಾರೂ ಅಳಿಸಿರಲಿಲ್ಲ. ಹೊಸದನ್ನು ಕಲಿಸಿದ್ದೆವು, ಅಷ್ಟೇ. ಐದು ಭಾಷೆಗಳ ಅಂಕ ಏರಿದ್ದರಿಂದ ಒಂದರ ಕುಸಿತ ಸರಾಸರಿಯಲ್ಲಿ ಮುಚ್ಚಿಹೋಗಿತ್ತು.

ಕೃತಕ ಬುದ್ಧಿಮತ್ತೆಗೆ ನಿದ್ದೆಯಂಥದ್ದೇನಾದರೂ ಬೇಕಾಗಬಹುದೇ ಎಂಬ ಪ್ರಶ್ನೆ ಈಚೆಗೆ ಮತ್ತೆ ಚಾಲ್ತಿಗೆ ಬಂದಿದೆ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ದಣಿವಿಲ್ಲದೆ, ರಜೆಯಿಲ್ಲದೆ, ಕಾಫಿಯಿಲ್ಲದೆ ದುಡಿಯುತ್ತದೆ ಎಂದು ತಾನೇ ಈ ಯಂತ್ರಗಳನ್ನು ನಮ್ಮ ಮ್ಯಾನೇಜರುಗಳಿಗೆ ಮಾರುವುದು? ಆ ಸೋಮವಾರದ ನಂತರ ಪ್ರಶ್ನೆಯನ್ನು ಸ್ವಲ್ಪ ಗಂಭೀರವಾಗಿ ನೋಡತೊಡಗಿದೆ.

ನಮ್ಮ ಮಾದರಿಗೆ ಆದದ್ದಕ್ಕೆ ಹಳೆಯ ಹೆಸರೊಂದಿದೆ: ಅನಾಹುತಕಾರಿ ಮರೆವು. 1989ರಲ್ಲಿ ಮೈಕೆಲ್ ಮೆಕ್ಲಾಸ್ಕಿ ಮತ್ತು ನೀಲ್ ಕೋಹೆನ್ ಎಂಬ ಸಂಶೋಧಕರು ಒಂದು ಪುಟ್ಟ ನರಜಾಲಕ್ಕೆ ಒಂದನ್ನು ಕೂಡಿಸುವ ಲೆಕ್ಕಗಳನ್ನು ಕಲಿಸಿದರು. ಒಂದಕ್ಕೆ ಒಂದು ಕೂಡಿಸಿದರೆ ಎರಡು, ಎರಡಕ್ಕೆ ಒಂದು ಕೂಡಿಸಿದರೆ ಮೂರು, ಹೀಗೆ. ಅದು ಸರಿಯಾಗಿ ಕಲಿತ ಮೇಲೆ ಎರಡನ್ನು ಕೂಡಿಸುವ ಲೆಕ್ಕಗಳನ್ನು ಕಲಿಸಿದರು. ಎರಡರ ಲೆಕ್ಕ ಬರತೊಡಗಿದಂತೆ ಒಂದರ ಲೆಕ್ಕ ಹೊರಟೇಹೋಯಿತು. ಒಂದನೇ ಕ್ಲಾಸಿನ ಮಗುವೂ ಹೀಗೆ ಮರೆಯುವುದಿಲ್ಲ. ಮಗು ಹೊಸದನ್ನು ಕಲಿಯುವಾಗ ಹಳೆಯದು ಸ್ವಲ್ಪ ಗೊಂದಲವಾಗಬಹುದು, ಪೂರ್ತಿ ಒರೆಸಿಹೋಗುವುದಿಲ್ಲ.

ಕಾರಣ ಸರಳ. ನರಜಾಲದಲ್ಲಿ ಕನ್ನಡಕ್ಕೊಂದು ಕಪಾಟು, ಲೆಕ್ಕಕ್ಕೊಂದು ಕಪಾಟು ಎಂದು ಇರುವುದಿಲ್ಲ. ಕೋಟಿಗಟ್ಟಲೆ ಅಂಕಿಗಳ ಒಂದೇ ಹೆಣಿಗೆಯಲ್ಲಿ ಎಲ್ಲವೂ ಹರಡಿಕೊಂಡಿರುತ್ತದೆ. ಹೊಸ ಪಾಠಕ್ಕಾಗಿ ಎಳೆಗಳನ್ನು ಎಳೆದಾಗ ಹಳೆಯ ಚಿತ್ತಾರವೂ ಜಗ್ಗುತ್ತದೆ.

ಹಾಗಾದರೆ ನಮ್ಮ ಮಿದುಳಿಗೆ ಯಾಕೆ ಹೀಗಾಗುವುದಿಲ್ಲ? ಇದಕ್ಕೆ ನನಗೆ ತುಂಬ ಹಿಡಿಸಿದ ಉತ್ತರವನ್ನು 1995ರಲ್ಲಿ ಜೇಮ್ಸ್ ಮೆಕ್ಲೆಲಂಡ್, ಬ್ರೂಸ್ ಮೆಕ್ನಾಟನ್ ಮತ್ತು ರಾಂಡಲ್ ಓರೈಲಿ ಕೊಟ್ಟರು. ಅದನ್ನು ನಾನು ಅರ್ಥ ಮಾಡಿಕೊಂಡದ್ದು ಗದಗಿನಲ್ಲಿದ್ದ ಅಜ್ಜನ ಕಿರಾಣಿ ಅಂಗಡಿಯ ನೆನಪಿನಿಂದ. ಅಜ್ಜನ ಬಳಿ ಎರಡು ಪುಸ್ತಕಗಳಿದ್ದವು. ಒಂದು ಕಿರ್ದಿ, ಇನ್ನೊಂದು ಖಾತೆ. ಹಗಲಿಡೀ ಗಿರಾಕಿಗಳ ನಡುವೆ ಆದ ವ್ಯವಹಾರವೆಲ್ಲ ಆದ ಕ್ರಮದಲ್ಲೇ, ಅವಸರದ ಅಕ್ಷರದಲ್ಲಿ ಕಿರ್ದಿಗೆ ಬೀಳುತ್ತಿತ್ತು. ರಾತ್ರಿ ಬಾಗಿಲು ಎಳೆದ ಮೇಲೆ ಅಜ್ಜ ದೀಪದ ಕೆಳಗೆ ಕೂತು ಕಿರ್ದಿಯ ಒಂದೊಂದೇ ಸಾಲನ್ನು ನೋಡಿ, ಆಯಾ ಹೆಸರಿನ ಖಾತೆಗೆ ಏರಿಸುತ್ತಿದ್ದರು. ಆಗ ಹಳೆಯ ಬಾಕಿಯೂ ಕಣ್ಣಿಗೆ ಬೀಳುತ್ತಿತ್ತು, ಹಗಲಿನ ತಪ್ಪೂ ಸಿಕ್ಕಿಬೀಳುತ್ತಿತ್ತು. ಗಿರಾಕಿ ಎದುರಿಗೆ ನಿಂತಿರುವಾಗ ಖಾತೆ ಪುಸ್ತಕ ಮುಟ್ಟುವಂತಿರಲಿಲ್ಲ.

ಮಿದುಳಿನಲ್ಲೂ ಎರಡು ಪುಸ್ತಕಗಳಿವೆ ಎಂಬುದು ಆ ಸಿದ್ಧಾಂತ. ಹಿಪೊಕ್ಯಾಂಪಸ್ ಎಂಬ ಭಾಗ ಕಿರ್ದಿಯಂತೆ. ಒಮ್ಮೆ ಆದದ್ದನ್ನು ತಕ್ಷಣ ಹಿಡಿದಿಡುತ್ತದೆ. ಹೊರಪದರವಾದ ಕಾರ್ಟೆಕ್ಸ್ ಖಾತೆಯಂತೆ. ನಿಧಾನಕ್ಕೆ ಕಲಿಯುತ್ತದೆ, ಆದರೆ ಬಹುಕಾಲ ಉಳಿಸಿಕೊಳ್ಳುತ್ತದೆ. ಹೊಸ ಅನುಭವಗಳನ್ನು ಹಳೆಯವುಗಳ ಜತೆ ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ನುಡಿಸಿದರೆ ಮಾತ್ರ ಖಾತೆ ಕೆಡದೆ ಬೆಳೆಯುತ್ತದೆ. ಈ ಮರುನುಡಿಕೆಗೆ ಒಳ್ಳೆಯ ಸಮಯ ಯಾವುದು? ಹೊರಗಿನ ಬಾಗಿಲು ಮುಚ್ಚಿದಾಗ.

ಇದು ಬರೀ ಊಹೆಯಲ್ಲ. ಅದಕ್ಕೂ ಒಂದು ವರ್ಷ ಮೊದಲು, 1994ರಲ್ಲಿ, ಮ್ಯಾಥ್ಯೂ ವಿಲ್ಸನ್ ಮತ್ತು ಅದೇ ಮೆಕ್ನಾಟನ್ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಎಲೆಕ್ಟ್ರೋಡ್ ಇಟ್ಟು ನೋಡಿದ್ದರು. ಓಡಾಡುವಾಗ ಒಟ್ಟೊಟ್ಟಿಗೆ ಮಿಡಿದ ನರಕೋಶಗಳು ನಂತರದ ನಿದ್ದೆಯಲ್ಲೂ ಒಟ್ಟೊಟ್ಟಿಗೆ ಮಿಡಿಯುತ್ತಿದ್ದವು. ಇಲಿ ಮಲಗಿತ್ತು, ಕಿರ್ದಿಯ ಪುಟ ತಿರುಗುತ್ತಿತ್ತು.

ಕಿರ್ದಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಪ್ರಸಿದ್ಧ ಉದಾಹರಣೆಯಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27ರ ಯುವಕನ ಅಪಸ್ಮಾರ ಗುಣಪಡಿಸಲು ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಆತನ ಮಾತು, ಬುದ್ಧಿ, ಬಾಲ್ಯದ ನೆನಪು ಉಳಿದವು. ಹೊಸ ನೆನಪು ಮಾತ್ರ ನಿಲ್ಲಲಿಲ್ಲ. ವರ್ಷಗಟ್ಟಲೆ ತನ್ನನ್ನು ಪರೀಕ್ಷಿಸಿದ ವಿಜ್ಞಾನಿಯನ್ನೂ ಪ್ರತಿಸಲ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದ. 2008ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಇದ್ದ.

ಇಂದಿನ ದೊಡ್ಡ ಭಾಷಾ ಮಾದರಿಗಳ ಸ್ಥಿತಿ ಹೆಚ್ಚುಕಡಿಮೆ ಇದೇ. ಒಂದು ದಿನಾಂಕದವರೆಗಿನ ಓದು ತಲೆಯಲ್ಲಿದೆ. ಆಮೇಲೆ ಖಾತೆ ಪುಸ್ತಕಕ್ಕೆ ಬೀಗ. ನೀವು ಅದರೊಡನೆ ಎರಡು ಗಂಟೆ ಮಾತಾಡಿದರೂ ಒಳಗಿನ ಅಂಕಿಗಳಲ್ಲಿ ಒಂದೂ ಬದಲಾಗುವುದಿಲ್ಲ. ಮಾತುಕತೆ ಮುಗಿದರೆ ಮುಗಿಯಿತು. 'ಆದರೆ ನನ್ನ ಚಾಟ್‌ಜಿಪಿಟಿಗೆ ನನ್ನ ಮಗಳ ಹೆಸರು ನೆನಪಿದೆಯಲ್ಲ' ಎಂದು ನೀವು ಕೇಳಬಹುದು. ನಿಜ. 2025ರ ಏಪ್ರಿಲ್‌ನಿಂದ ಅದು ಹಿಂದಿನ ಮಾತುಕತೆಗಳನ್ನೆಲ್ಲ ನೆನಪಿಗೆ ತಂದುಕೊಳ್ಳಬಲ್ಲದು. ಆದರೆ ಅದು ಕಲಿತ ನೆನಪಲ್ಲ. ಎಲ್ಲೋ ಬರೆದಿಟ್ಟ ಚೀಟಿಯನ್ನು ನಿಮ್ಮ ಪ್ರಶ್ನೆಯ ಜತೆ ಪ್ರತಿಸಲ ಅದರ ಮುಂದಿಡುವುದು. ಮೊಲೈಸನ್ ಅಂಗಿಯ ಜೇಬಿಗೆ ಚೀಟಿ ಹಾಕಿದಂತೆ.

ಚೀಟಿಗಳು ಬೆಳೆಯುತ್ತಾ ಹೋದರೆ ಇನ್ನೊಂದು ತೊಂದರೆ. ಉದ್ದ ಪಠ್ಯ ಕೊಟ್ಟಾಗ ಮಾದರಿಗಳು ಆರಂಭದ್ದನ್ನೂ ಕೊನೆಯದನ್ನೂ ಚೆನ್ನಾಗಿ ಬಳಸಿಕೊಂಡು ನಡುವಿನದನ್ನು ಬಿಟ್ಟುಬಿಡುತ್ತವೆ ಎಂದು 2023ರಲ್ಲೇ ಸ್ಟ್ಯಾನ್‌ಫರ್ಡ್ ಮುಂತಾದ ಕಡೆಯ ಸಂಶೋಧಕರು ತೋರಿಸಿದ್ದರು. ಕೋಡ್ ಬರೆಸುವ ನಮಗೆಲ್ಲ ಇದು ದಿನನಿತ್ಯದ ಅನುಭವ. ಬೆಳಿಗ್ಗೆ ಚುರುಕಾಗಿದ್ದ ಸಹಾಯಕ ಸಂಜೆ ಹೊತ್ತಿಗೆ, ಅಂದರೆ ಅದೇ ಮಾತುಕತೆ ನೂರಾರು ಪುಟ ದಾಟಿದ ಮೇಲೆ, ತಾನೇ ತಿದ್ದಿದ ತಪ್ಪನ್ನು ಮತ್ತೆ ಮಾಡುತ್ತದೆ. ನಿದ್ದೆಗೆಟ್ಟವರ ಲಕ್ಷಣವೇ! ಆಗ ನಾವು ಮಾಡುವುದು, ಅಲ್ಲಿಯವರೆಗಿನದರ ಸಾರಾಂಶ ಬರೆಸಿ ಹೊಸ ಮಾತುಕತೆ ಶುರು ಮಾಡುವುದು. ಕೆಲವು ಉಪಕರಣಗಳು ಇದನ್ನು ತಾವೇ ಮಾಡುತ್ತವೆ. ಇದು ನಿದ್ದೆಯಲ್ಲ, ಮುಖ ತೊಳೆದು ಬರುವುದು.

ಹಾಗೆ ನೋಡಿದರೆ ಯಂತ್ರದ ನಿದ್ದೆ ಹೊಸ ಯೋಚನೆಯೇನಲ್ಲ. 1983ರ ಜುಲೈನಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದು, ಡಿಎನ್‌ಎ ರಚನೆ ಕಂಡುಹಿಡಿದ ಫ್ರಾನ್ಸಿಸ್ ಕ್ರಿಕ್ ಮತ್ತು ಗ್ರೇಮ್ ಮಿಚಿಸನ್ ಅವರದು: ಕನಸು ಇರುವುದು ನೆನಪಿಡಲಿಕ್ಕಲ್ಲ, ಬೇಡದ ನಂಟುಗಳನ್ನು ಕಳಚಲಿಕ್ಕೆ ಎಂಬ ವಾದ. ಇನ್ನೊಂದು, ಜಾನ್ ಹಾಪ್‌ಫೀಲ್ಡ್ ಮತ್ತು ಇಬ್ಬರು ಸಹೋದ್ಯೋಗಿಗಳದು. ಅವರ ಜಾಲದಲ್ಲಿ ಹಲವು ನೆನಪುಗಳನ್ನು ತುಂಬಿದಾಗ, ಯಾರೂ ಕಲಿಸದ ಕಲಬೆರಕೆ ನೆನಪುಗಳೂ ಹುಟ್ಟಿಕೊಳ್ಳುತ್ತಿದ್ದವು. ಜಾಲವನ್ನು ಹೊರಗಿನ ಪ್ರಶ್ನೆಯಿಲ್ಲದೆ ಮನಬಂದಂತೆ ಓಡಲು ಬಿಟ್ಟು, ಅದು ತಲುಪಿದ ಸ್ಥಿತಿಯನ್ನು ಸ್ವಲ್ಪವೇ ದುರ್ಬಲಗೊಳಿಸಿದರೆ ಕಲಬೆರಕೆ ಕಡಿಮೆಯಾಗಿ ನಿಜವಾದ ನೆನಪು ಸ್ಪಷ್ಟವಾಗುತ್ತಿತ್ತು. 1995ರಲ್ಲಿ ಜೆಫ್ರಿ ಹಿಂಟನ್ ಮತ್ತು ಸಂಗಡಿಗರು ಪ್ರಕಟಿಸಿದ ಕಲಿಕಾ ವಿಧಾನದ ಹೆಸರೇ 'ಎಚ್ಚರ-ನಿದ್ದೆ'. ಎಚ್ಚರದಲ್ಲಿ ಲೋಕವನ್ನು ನೋಡಿ ಕಲಿಯುವುದು, ನಿದ್ದೆಯಲ್ಲಿ ತಾನೇ ಕಲ್ಪಿಸಿಕೊಂಡದ್ದರಿಂದ ಕಲಿಯುವುದು. 2024ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು ಇದೇ ಹಾಪ್‌ಫೀಲ್ಡ್ ಮತ್ತು ಹಿಂಟನ್. ಇಬ್ಬರೂ ನಿದ್ದೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದರು ಎಂಬುದು ಕಾಕತಾಳೀಯವಲ್ಲ ಅಂತ ನನಗನ್ನಿಸುತ್ತದೆ.

ನಂತರ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ಡೀಪ್‌ಮೈಂಡ್ 2015ರಲ್ಲಿ 49 ಅಟಾರಿ ಆಟಗಳನ್ನು ಆಡುವ ಕಾರ್ಯಕ್ರಮವನ್ನು ಪ್ರಕಟಿಸಿದಾಗ, ಅದರ ಯಶಸ್ಸಿನ ಒಂದು ಗುಟ್ಟು ಹಳೆಯ ಆಟದ ತುಣುಕುಗಳನ್ನು ಸಂಗ್ರಹಿಸಿಟ್ಟು ಯಾದೃಚ್ಛಿಕವಾಗಿ ಮತ್ತೆ ಕಲಿಸುವುದಾಗಿತ್ತು. 2022ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಕ್ಸಿಮ್ ಬಜೆನೊವ್ ತಂಡ, ಹೊಸ ಪಾಠಗಳ ನಡುವೆ ನಿದ್ದೆಯಂಥ ಹಂತವನ್ನು ಸೇರಿಸಿತು. ಆ ಹಂತದಲ್ಲಿ ಜಾಲಕ್ಕೆ ಪಾಠವಿಲ್ಲ, ಬರೀ ಗದ್ದಲದಂಥ ಸಂಕೇತಗಳು. ಮರೆತಂತಿದ್ದ ಹಳೆಯ ಪಾಠಗಳು ಒಂದಷ್ಟು ಮರಳಿದವು. ಪ್ರಯೋಗ ನಡೆದದ್ದು ಚಿಕ್ಕ ಜಾಲಗಳಲ್ಲಿ ಎಂಬುದನ್ನು ಮರೆಯಬಾರದು.

2025ರಲ್ಲಿ ಲೆಟ್ಟಾ ಎಂಬ ಕಂಪನಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದವರು 'ನಿದ್ದೆ ಹೊತ್ತಿನ ಗಣನೆ' ಎಂಬ ಅರ್ಥದ ಹೆಸರಿಟ್ಟು ಬೇರೊಂದು ದಾರಿ ತೋರಿಸಿದರು. ಬಳಕೆದಾರ ಪ್ರಶ್ನೆ ಕೇಳುವ ಮುನ್ನವೇ, ಬಿಡುವಿನ ವೇಳೆಯಲ್ಲಿ ಮಾದರಿ ತನ್ನ ಬಳಿಯ ಮಾಹಿತಿಯನ್ನು ಓದಿ, ಏನು ಕೇಳಬಹುದೆಂದು ಯೋಚಿಸಿ, ಸಿದ್ಧ ಮಾಡಿಟ್ಟುಕೊಳ್ಳುತ್ತದೆ. ಎರಡು ಬಗೆಯ ಗಣಿತ ಪರೀಕ್ಷೆಗಳಲ್ಲಿ ಅಷ್ಟೇ ನಿಖರತೆಗೆ ಪ್ರಶ್ನೆಯ ಹೊತ್ತಿನಲ್ಲಿ ಬೇಕಾದ ಗಣನೆ ಸುಮಾರು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಅಮ್ಮ ರಾತ್ರಿಯೇ ಅಕ್ಕಿ, ಉದ್ದು ರುಬ್ಬಿಡುವ ಹಾಗೆ. ಬೆಳಿಗ್ಗೆ ಬಂದವರು ಇಡ್ಲಿ ಕೇಳಿದರೆ ಐದೇ ನಿಮಿಷ. ಚಪಾತಿ ಕೇಳಿದರೆ ರುಬ್ಬಿದ್ದು ಉಪಯೋಗಕ್ಕಿಲ್ಲ. ಆ ಪ್ರಬಂಧದಲ್ಲೂ ಪ್ರಶ್ನೆ ಊಹಿಸಲು ಸಾಧ್ಯವಿದ್ದಷ್ಟೂ ಲಾಭ ಹೆಚ್ಚು ಎಂದೇ ಇದೆ. ಒಳ್ಳೆಯ ಕೆಲಸ, ಆದರೆ ಹೆಸರು ಸ್ವಲ್ಪ ದೊಡ್ಡದಾಯಿತು. ಇಲ್ಲೂ ಖಾತೆ ಪುಸ್ತಕ ತೆರೆಯುವುದಿಲ್ಲ, ಚೀಟಿಗಳೇ ಅಚ್ಚುಕಟ್ಟಾಗುತ್ತವೆ.

ಹಾಗಾದರೆ ನಿದ್ದೆ ಬೇಕೇ? ನನ್ನ ಅಭಿಪ್ರಾಯ ಹೀಗಿದೆ. ಪ್ರಾಣಿಗಳ ನಿದ್ದೆಯಲ್ಲಿ ದೇಹದ ಪಾಲು ದೊಡ್ಡದು. ಮಿದುಳೇ ಇಲ್ಲದ ಕ್ಯಾಸಿಯೋಪಿಯಾ ಎಂಬ ಲೋಳೆಮೀನು ಕೂಡ ರಾತ್ರಿ ನಿದ್ದೆಯಂಥ ಸ್ಥಿತಿಗೆ ಹೋಗುತ್ತದೆ ಎಂದು 2017ರಲ್ಲಿ ಗೊತ್ತಾಗಿದೆ. ನಿದ್ದೆಯಲ್ಲಿ ಮಿದುಳಿನ ಕಸ ತೊಳೆದುಹೋಗುತ್ತದೆ ಎಂಬ 2013ರ ಶೋಧ ಬಹಳ ಹೆಸರು ಮಾಡಿತು. 2024ರಲ್ಲಿ ಅದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದು ಈಗ ಜಗಳ ನಡೆದಿದೆ. ಇದ್ಯಾವುದೂ ಸಿಲಿಕಾನ್‌ಗೆ ಅನ್ವಯಿಸದು. ಜಿಪಿಯುಗೆ ಬೇಕಾದದ್ದು ತಣ್ಣನೆಯ ಗಾಳಿ, ವಿದ್ಯುತ್ತು.

ಬಾಗಿಲು ಮುಚ್ಚುವ ಅನಿವಾರ್ಯವೂ ಯಂತ್ರಕ್ಕಿಲ್ಲ. ಅಜ್ಜ ಒಬ್ಬರೇ ಇದ್ದರು. ಮಾರುವವರೂ ಅವರೇ, ಬರೆಯುವವರೂ ಅವರೇ. ಮಾದರಿಯ ಒಂದು ಪ್ರತಿ ಗಿರಾಕಿಗಳನ್ನು ನೋಡಿಕೊಳ್ಳುತ್ತಿರುವಾಗ ಇನ್ನೊಂದು ಪ್ರತಿ ಹಿಂದಿನ ಕೋಣೆಯಲ್ಲಿ ಕೂತು ಖಾತೆ ಬರೆಯಬಹುದು. ಡಾಲ್ಫಿನ್ ಮಿದುಳಿನ ಒಂದು ಅರ್ಧವನ್ನು ಮಲಗಿಸಿ ಇನ್ನೊಂದರಲ್ಲಿ ಈಜುತ್ತದಲ್ಲ, ಹಾಗೆ. ಆದ್ದರಿಂದ ಯಂತ್ರಕ್ಕೆ ರಾತ್ರಿ ಬೇಕಿಲ್ಲ. ಆದರೆ ರಾತ್ರಿಯ ಕೆಲಸ ತಪ್ಪದು. ಹೊಸದನ್ನು ಹಳೆಯದರ ಜತೆ ಬೆರೆಸುವುದು, ಯಾವುದು ಉಳಿಯಬೇಕು ಯಾವುದು ಹೋಗಬೇಕು ಎಂದು ಆರಿಸುವುದು, ಕಲಬೆರಕೆಯನ್ನು ತೆಗೆಯುವುದು. ದಿನದಿನವೂ ಕಲಿಯುವ ಯಾವ ವ್ಯವಸ್ಥೆಗೂ, ಮಾಂಸದ್ದಾಗಲಿ ಸಿಲಿಕಾನಿನದಾಗಲಿ, ಇದರಿಂದ ಬಿಡುಗಡೆ ಇದ್ದಂತೆ ಕಾಣುವುದಿಲ್ಲ. ಇಂದು ಆ ಕೆಲಸವನ್ನು ಎಂಜಿನಿಯರುಗಳು ಕೈಯಾರೆ ಮಾಡುತ್ತಿದ್ದೇವೆ. ಯಂತ್ರದ ಪಾಲಿನ ನಿದ್ದೆಯ ಕೆಲಸ ಮಾಡಲು ಶುಕ್ರವಾರ ರಾತ್ರಿ ನಾವು ನಿದ್ದೆಗೆಡುತ್ತೇವೆ.

ನಾಳೆ ಇದು ತಂತಾನೇ ನಡೆಯತೊಡಗಿದರೆ? ಆ ದಿಕ್ಕಿನಲ್ಲೇ ದೊಡ್ಡ ಪ್ರಯೋಗಾಲಯಗಳ ಪ್ರಯತ್ನ ಸಾಗಿದೆ. ಅಲ್ಲಿಂದ ನನಗೆ ಎರಡು ಆತಂಕಗಳು ಶುರುವಾಗುತ್ತವೆ.

ಒಂದು ಕಾನೂನಿನದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸಿಹಾಕಿಸುವ ಹಕ್ಕು ಕೊಟ್ಟಿದೆ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿ, ಹಂತ ಹಂತವಾಗಿ ಜಾರಿಯಾಗಬೇಕಿದೆ. ಚೀಟಿಯಲ್ಲಿರುವ ನೆನಪನ್ನು ಅಳಿಸುವುದು ಸುಲಭ, ಚೀಟಿ ಹರಿದರಾಯಿತು. ಅದೇ ಮಾತುಕತೆ ಒಂದು ರಾತ್ರಿ ಖಾತೆಗೆ ಏರಿ, ಕೋಟ್ಯಂತರ ಅಂಕಿಗಳಲ್ಲಿ ಕರಗಿಹೋದ ಮೇಲೆ ಯಾವ ಅಂಕಿಯನ್ನು ಅಳಿಸುತ್ತೀರಿ? ಹಾಪ್‌ಫೀಲ್ಡ್‌ರ ಪುಟ್ಟ ಜಾಲದಲ್ಲಿ ಒಂದು ನೆನಪನ್ನು ದುರ್ಬಲಗೊಳಿಸಲು ಸಾಧ್ಯವಿತ್ತು. ಇಂದಿನ ಮಾದರಿಗಳಲ್ಲಿ ಒಬ್ಬ ವ್ಯಕ್ತಿಯ ವಿವರವನ್ನು ಮಾತ್ರ ಖಚಿತವಾಗಿ ಮರೆಸುವುದು ಇನ್ನೂ ಬಗೆಹರಿಯದ ಸಂಶೋಧನಾ ಸಮಸ್ಯೆ.

ಎರಡನೆಯದು ನನಗೆ ಹೆಚ್ಚು ಹತ್ತಿರದ್ದು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ಮಾದರಿಗಳ ಕಲಿಕೆಗೆ ಬಳಕೆಯಾಗುವ ಕಾಮನ್ ಕ್ರಾಲ್ ಎಂಬ ಜಾಲ ಸಂಗ್ರಹದಲ್ಲಿ ಇಂಗ್ಲಿಷ್ ಪುಟಗಳು ಶೇ 40ಕ್ಕಿಂತ ಹೆಚ್ಚು. ಕನ್ನಡದ ಪಾಲು ಶೇ 0.1 ಕೂಡ ಇಲ್ಲ. ತೆಳುವಾಗಿ ಕಲಿತದ್ದು ಬೇಗ ಅಳಿಯುತ್ತದೆ, ನಮ್ಮ ಸೋಮವಾರ ಆದದ್ದು ಅದೇ. ಮಾದರಿಗಳು ತಮ್ಮದೇ ಬರಹದಿಂದ ಮತ್ತೆ ಮತ್ತೆ ಕಲಿತರೆ ಏನಾಗುತ್ತದೆ ಎಂದು 2024ರಲ್ಲಿ ನೇಚರ್‌ನಲ್ಲಿ ಬಂದ ಅಧ್ಯಯನವೊಂದು ತೋರಿಸಿದೆ: ತಲೆಮಾರಿನಿಂದ ತಲೆಮಾರಿಗೆ ಮೊದಲು ಮಾಯವಾಗುವುದು ಅಪರೂಪದ ಸಂಗತಿಗಳು. ಸರ್ವೇಸಾಮಾನ್ಯವಾದದ್ದು ಉಳಿಯುತ್ತದೆ, ಅಂಚಿನದ್ದು ಉದುರುತ್ತದೆ. ತನ್ನ ಕನಸನ್ನೇ ಮರುದಿನದ ಪಾಠ ಮಾಡಿಕೊಳ್ಳುವ ಯಂತ್ರದಲ್ಲಿ ಅಂಚಿನಲ್ಲಿರುವುದು ಯಾವುದು? ಕನ್ನಡ. ಕನ್ನಡದೊಳಗೆ ಇನ್ನೂ ಅಂಚಿನಲ್ಲಿ ಗದಗ, ಧಾರವಾಡದ ಮಾತು, ಕುಂದಾಪುರದ್ದು, ಹವ್ಯಕರದ್ದು. ಚೆನ್ನೈನ ಐಐಟಿಯ ಎಐ4ಭಾರತ್ 2023ರಲ್ಲಿ 22 ಪರಿಚ್ಛೇದಿತ ಭಾಷೆಗಳಿಗೂ ಅನುವಾದದ ಮುಕ್ತ ಮಾದರಿ ಕೊಟ್ಟಿದೆ, ಅದಕ್ಕೆ ಬೇಕಾದ ಪಠ್ಯವನ್ನೂ ಕಲೆಹಾಕಿದೆ. ಆದರೆ ಒಮ್ಮೆ ಕಲಿಸಿದರೆ ಸಾಲದು; ಪ್ರತಿ ಸಲ ಹೊಸ ಪಾಠ ನಡೆಯುವಾಗ ಆ ಪಠ್ಯದಿಂದ ಒಂದು ಬೊಗಸೆ ಬೆರೆಸಬೇಕು. ಬೆರೆಸಲು ಖರ್ಚಿದೆ. ಆ ಖರ್ಚು ಯಾವ ಭಾಷೆಗೆ ಎಷ್ಟು ಎಂದು ನಿರ್ಧರಿಸುವ ಸಭೆಯಲ್ಲಿ ಕನ್ನಡ ಬಲ್ಲವರು ಇರುತ್ತಾರೆಂಬ ಖಾತರಿ ಏನೂ ಇಲ್ಲ. ನಾನು ಆ ದಿನ ರಜೆ ಹಾಕಿದ್ದರೆ ನಮ್ಮ ಮಾದರಿ ಎಷ್ಟು ವಾರ ಹಾಗೇ ಓಡುತ್ತಿತ್ತೋ.

ನಾವು ಮಾಡಿದ ರಿಪೇರಿ ಇಷ್ಟು. ಶುಕ್ರವಾರದ ಕಲಿಕೆಯನ್ನು ವಾಪಸ್ ತೆಗೆದು, ಹಳೆಯ ಕನ್ನಡ ಪ್ರಶ್ನೋತ್ತರಗಳಲ್ಲಿ ಗ್ರಾಹಕರ ಹೆಸರು, ನಂಬರುಗಳನ್ನು ಕಿತ್ತುಹಾಕಿ, ಹೊಸ ಪಾಠದ ಜತೆ ಬೆರೆಸಿ ಮತ್ತೆ ಕಲಿಸಿದೆವು. ಎಷ್ಟು ಬೆರೆಸಬೇಕು ಎಂಬುದರ ಮೇಲೆ ಎರಡು ದಿನ ಚರ್ಚೆಯಾಯಿತು. ಜಾಸ್ತಿಯಾದರೆ ಸಮಯ, ದುಡ್ಡು. ಕಡಿಮೆಯಾದರೆ ಮತ್ತೆ ಅದೇ ಕಥೆ. ಸರಾಸರಿ ಅಂಕವನ್ನು ಪಕ್ಕಕ್ಕಿಟ್ಟು, ಪ್ರತಿ ಭಾಷೆಗೂ ಪ್ರತ್ಯೇಕ ಕನಿಷ್ಠ ಅಂಕ ಇರಬೇಕು, ಒಂದು ಕುಸಿದರೂ ಬಿಡುಗಡೆ ನಿಲ್ಲಬೇಕು ಎಂದು ನಾನು ಕೇಳಿದೆ. ತಕರಾರಿಲ್ಲದೆ ಒಪ್ಪಿದರು. ಕನ್ನಡದ ಪರೀಕ್ಷಾ ಪ್ರಶ್ನೆಗಳನ್ನು ಬರೆಯುವ ಕೆಲಸ ಮಾತ್ರ ಸಹಜವಾಗಿ ನನ್ನ ತಲೆಗೆ ಬಂತು.

ನಾನೂರು ಪ್ರಶ್ನೆ ಬರೆಯಲು ಕೂತಾಗ ಗೊತ್ತಾದದ್ದು, ಹನ್ನೊಂದು ವರ್ಷದ ಪುಣೆ ವಾಸದಲ್ಲಿ ನನಗೇ ಎಷ್ಟೋ ಮಾತು ಕೈಕೊಟ್ಟಿವೆ. ಬಡ್ಡಿ, ಕಂತು ನೆನಪಿವೆ. ಜಾಮೀನುದಾರ, ಮುದ್ದತು, ಹಿಂಬಾಕಿ ಹುಡುಕಬೇಕಾಯಿತು. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿಕೊಂಡು ದಿನಕ್ಕೆ ಇಪ್ಪತ್ತರಂತೆ ಬರೆದೆ. ಮುನ್ನೂರ ಎಪ್ಪತ್ತು ಆಗಿವೆ. ಮುಂದಿನ ಕಲಿಕೆ ಬರುವ ಶುಕ್ರವಾರ ರಾತ್ರಿ ಹನ್ನೊಂದಕ್ಕೆ, ಅಷ್ಟರೊಳಗೆ ಉಳಿದ ಮೂವತ್ತು ಆಗಬೇಕು.